ತಾತನ ಹೆಸರಿನ ಇನ್ನೊಬ್ಬ

ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಹಾರಿ ತಟ್ಟೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಎರಡು ವರ್ಷದ ನನ್ನ ಮಗ ಎದುರಿಗೆ ಕೂತು, ತಟ್ಟೆ ತಪ್ಪಿ ಹಾರಿದ ಬೇಳೆಗಳನ್ನು ಹುಡುಕಿ ಹುಡುಕಿ ತಿನ್ನುತ್ತಿದ್ದ. ಮನೆಯಲ್ಲಿ ನಾವಿಬ್ಬರೇ. ಮಾವ, ಭಾವ, ನಮ್ಮ ಮನೆಯವರು ಮೂವರೂ ಎತ್ತು ನೋಡಲು ಸೂಳಗಿರಿ ಸಂತೆಗೆ ಹೋಗಿದ್ದರು. ವಾರಗಿತ್ತಿ, ಎಂದರೆ ಭಾವನ ಹೆಂಡತಿ, ತಾಯಿಗೆ ಹುಷಾರಿಲ್ಲವೆಂದು ತಳಿ ಊರಿನ ಕಡೆಯ ತವರಿಗೆ ಹೋಗಿ ನಾಲ್ಕು ದಿನವಾಗಿತ್ತು. ಅತ್ತೆ ತೀರಿಕೊಂಡು ವರ್ಷ ಕಳೆದಿತ್ತು.

ಆಗ ನಮ್ಮ ಹೊಲದ ಕೆಲಸಕ್ಕೆ ಬರುವ ತಮಿಳರ ಹೆಂಗಸು ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತಳು.

"ಅಮ್ಮಾ, ಮಾಡು ಮೇಲೆ ಕುಂತ್ಕೊಂಡು ಒಬ್ರು ಬತ್ತಾವ್ರೆ. ಗಂಟೆ ಆಡಿಸ್ಕೊಂಡು. ನಿಮ್ಮ ಮಾವನ ಮನೆ ಯಾವ್ದು ಅಂತ ಕೇಳಿದ್ರು."

ಅವಳಿಗೆ ಎತ್ತೂ ಮಾಡು, ಹಸುವೂ ಮಾಡು. ಧರ್ಮಪುರಿ ಕಡೆಯಿಂದ ಮದುವೆಯಾಗಿ ಬಂದು ಹತ್ತು ವರ್ಷವಾಗಿದ್ದರೂ ಅವಳ ಕನ್ನಡದಲ್ಲಿ ಅರ್ಧ ತಮಿಳೇ.

"ಕಾಲಿಗೆ ಕಂಬಳಿ ಮುಚ್ಕೊಂಡವ್ರಾ?" ಎಂದು ಕೇಳಿದೆ.

"ಆಮಾ. ಪಾಪ, ಕಾಲಿಲ್ಲ ಅನ್ನಿಸ್ತದೆ."

"ಕಾಲೈತೆ ಕಣೆ. ಅವ್ರು ಹೆಳವ್ರು."

ಗೊತ್ತಿಲ್ಲದವರಿಗೆ ಹೇಳಬೇಕು. ಹೆಳವರು ನಮ್ಮಂಥ ಒಕ್ಕಲು ಮನೆಗಳ ವಂಶ ಹೇಳುವವರು. ಅವರ ಮೂಲಪುರುಷನಿಗೆ ಕಾಲಿರಲಿಲ್ಲವಂತೆ. ಅದಕ್ಕೇ ಕಾಲಿದ್ದವರೂ ಕಂಬಳಿ ಹೊದ್ದು ಎತ್ತಿನ ಮೇಲೆಯೇ ಬರಬೇಕು, ಅದು ಅವರ ನೇಮ. ಏಳೆಂಟು ವರ್ಷಕ್ಕೊಮ್ಮೆ ಬಂದು ಮನೆಯ ಮುಂದೆ ನಿಂತು, ಆ ಮನೆಯ ಹಿರಿಯ ಯಾವ ಸೀಮೆಯಿಂದ ಬಂದ, ಎಲ್ಲಿ ಬಾವಿ ತೋಡಿಸಿದ, ಅವನಿಗೆ ಎಷ್ಟು ಮಕ್ಕಳು, ಅವರ ಮಕ್ಕಳು ಯಾರು ಎಂದು ಇಂದಿನವರೆಗೂ ಹೇಳಿಕೊಂಡು ಬರುತ್ತಾರೆ. ಕೊನೆಯಲ್ಲಿ, ಹೋದ ಸಲದಿಂದ ಈಚೆಗೆ ಮನೆಯಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ಕೇಳಿ ಸೇರಿಸಿಕೊಳ್ಳುತ್ತಾರೆ. ನಮ್ಮ ಮನೆಗೆ ಬರುತ್ತಿದ್ದ ಮುದುಕರು ಬರೆದುಕೊಳ್ಳುತ್ತಿರಲಿಲ್ಲ. ಹೊಸ ಸಾಲನ್ನು ಮನೆಯವರ ಎದುರಿಗೇ ಮೂರು ಸಲ ಹೇಳಿ ಕಟ್ಟಿಕೊಳ್ಳುತ್ತಿದ್ದರು. ತಪ್ಪಿದ್ದರೆ ಮೂರನೆಯ ಸಲ ಮುಗಿಯುವುದರೊಳಗೆ ತಡೆಯಬೇಕು. ಆಮೇಲೆ ಅದು ಮತ್ತೆ ಅವರು ಆ ಹೊಸ್ತಿಲಿಗೆ ಬರುವ ತನಕ ಹಾಗೆಯೇ.

ಈಗ ನಮ್ಮ ಮನೆಯ ವಿಷಯ. ನನ್ನ ವಾರಗಿತ್ತಿಗೆ ಒಬ್ಬ ಮಗನಿದ್ದ. ನಾಲ್ಕು ತುಂಬಿ, ಜ್ವರ ಬಂದು, ಮೂರೇ ದಿನದಲ್ಲಿ ಹೋದ. ನನ್ನ ಗಂಡನ ತಾತನ ಹೆಸರನ್ನು ಅವನಿಗೆ ಇಟ್ಟಿದ್ದರು. ಅವನು ಹೋದ ಮರುವರ್ಷ ನನಗೆ ಗಂಡುಮಗು ಹುಟ್ಟಿದಾಗ ಮಾವ ಅದೇ ಹೆಸರನ್ನು ಮತ್ತೆ ಇಟ್ಟರು. ಅಪ್ಪನ ಹೆಸರು ಮನೆಯಲ್ಲಿ ಕೂಗುವಂತಿರಬೇಕು ಎಂದು ಅವರ ಆಸೆ. ಆದರೆ ಗಂಡನ ಮನೆಯ ಹಿರೀಕರ ಹೆಸರನ್ನು ಸೊಸೆಯಂದಿರು ಬಾಯಲ್ಲಿ ಹೇಳುವಂತಿಲ್ಲ. ಆದ್ದರಿಂದ ಅವಳೂ ತನ್ನ ಮಗನನ್ನು 'ತಾತ' ಎಂದೇ ಕರೆಯುತ್ತಿದ್ದಳು, ನಾನೂ ನನ್ನ ಮಗನನ್ನು 'ತಾತ' ಎಂದೇ ಕರೆಯುತ್ತಿದ್ದೆ. ಆ ಹೆಸರನ್ನು ಇಂದಿಗೂ ನಾನು ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಬರೆಯುವುದಕ್ಕೂ ಕೈ ಬರುವುದಿಲ್ಲ.

ಹೋದ ಮಗುವಿನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಅತ್ತೆ ಅವನ ಅಂಗಿಗಳನ್ನೆಲ್ಲ ತೆಗೆದು ಕೊಟ್ಟುಬಿಟ್ಟರು. ಹಿರಿಯರ ಹಬ್ಬದಲ್ಲಿ ಸತ್ತ ದೊಡ್ಡವರಿಗೆ ಎಡೆ ಇಡುತ್ತೇವೆ, ಪಂಚೆ ಸೀರೆ ಇಡುತ್ತೇವೆ. ಅಷ್ಟು ಚಿಕ್ಕವರಿಗೆ ಎಡೆಯಿಲ್ಲ. ಪೇಟೆಯ ಸಾಬರು ಮಕ್ಕಳ ಗೋರಿಗೂ ಒಂದು ಕಲ್ಲು ನೆಟ್ಟು ಹೂವಿಟ್ಟು ಬರುವುದನ್ನು ನೋಡಿದ್ದೇನೆ. ನಮ್ಮಲ್ಲಿ ಅದೂ ಇಲ್ಲ. ಹುಣಸೆ ಮರದ ಹತ್ತಿರ ಹೂತ ಜಾಗದ ಮೇಲೆ ಒಂದು ಮಳೆಗಾಲ ಕಳೆದರೆ ಹುಲ್ಲು. ಹೆಸರಿಟ್ಟ ಮೇಲೆ ಹೋದ ಗಂಡುಮಗುವನ್ನು ಬಿಡದೆ ಹೇಳುತ್ತಿದ್ದವರು ಹೆಳವರು ಮಾತ್ರ. 'ಇಂಥವನಿಗೆ ಇಂಥ ಮಗ ಹುಟ್ಟಿ, ಇಷ್ಟು ವರ್ಷ ಬಾಳಿ, ಹಿರೀಕರ ಕೂಡೆ ಸೇರಿದ' ಎನ್ನುತ್ತಿದ್ದರು. ನನ್ನ ವಾರಗಿತ್ತಿ ಮೂರು ವರ್ಷದಿಂದ ಅವರ ಗಂಟೆಗಾಗಿ ಕಾಯುತ್ತಿದ್ದಳೆಂದು ನನಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಗೊತ್ತಿತ್ತು. ಬೀದಿಯಲ್ಲಿ ಯಾವ ಎತ್ತಿನ ಗಂಟೆ ಕೇಳಿದರೂ ಎದ್ದು ಬಾಗಿಲಿಗೆ ಹೋಗುತ್ತಿದ್ದಳು.

ಹೆಳವರು ಬಂದೇ ಬಿಟ್ಟರು. ಬಿಳಿ ಎತ್ತು, ಅದಕ್ಕಿಂತ ಬಿಳಿಯ ಮೀಸೆ. ನಾನು ಕೈ ತೊಳೆದು, ಚೊಂಬಿನಲ್ಲಿ ನೀರಿಟ್ಟು ಅಡ್ಡಬಿದ್ದೆ.

"ಮನೇಲಿ ಗಂಡಸ್ರು ಇಲ್ವಾ ತಾಯಿ?"

"ಸಂತೆಗೆ ಹೋಗವ್ರೆ. ನಾಳೆ ಬತ್ತಾರೆ. ತಾವು ಇವತ್ತು ಇಲ್ಲೇ ಉಳ್ಕಳಿ."

"ಉಳ್ಕಂಡ್ರೆ ಆಗಾಕಿಲ್ಲವ್ವ. ನಾಳೆ ಹೊತ್ತಿಗೆ ರಾಯಕೋಟೆ ಮುಟ್ಟಬೇಕು. ನೀನು ಕಿರೀ ಸೊಸೆ ತಾನೆ? ಹೇಳಿದ್ದು ಕೇಳಿಸ್ಕೊ. ಹೊಸದು ಏನೈತೋ ಹೇಳು. ಮನೆ ಸೊಸೆ ಹೇಳಿದ್ರೂ ನಡೀತದೆ."

ಅವರು ಶುರುಮಾಡಿದರು. ಪಿನಾಕಿನಿ ಹೊಳೆ ದಾಟಿ ಬಂದ ಅಣ್ಣತಮ್ಮಂದಿರಿಂದ ಹಿಡಿದು ಒಂಬತ್ತು ತಲೆಯನ್ನು ಒಂದೇ ಉಸಿರೆಂಬಂತೆ ಹೇಳಿಕೊಂಡು ಬಂದರು. ನಾನು ಕೈಮುಗಿದು ನಿಂತಿದ್ದೆ. ತಮಿಳರವಳು ಗೋಡೆಯ ಪಕ್ಕ ಕೂತು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಮಾವನ ವರೆಗೂ ಬಂದು ನಿಲ್ಲಿಸಿ ಕೇಳಿದರು.

"ಅತ್ತೆ ಹೋದ್ರು ಅಂತ ಕೇಳ್ದೆ. ಆ ಪುಣ್ಯಾತ್ಗಿತ್ತಿ ಕೈಯಾರೆ ಉಂಡಿದ್ದೀನಿ. ಇರ್ಲಿ. ನಿನ್ನ ಗಂಡನ ತಾತನ ಹೆಸರು ಮನೇಗೆ ಬಂತಾ?"

"ಬಂತು."

"ಯಾರಿಗೆ ಬಂತು?"

ನನ್ನ ಮಗ ನನ್ನ ಸೀರೆಯ ನೆರಿಗೆ ಹಿಡಿದುಕೊಂಡು ಎತ್ತನ್ನೇ ನೋಡುತ್ತಿದ್ದ. ನಾನು ಅವನ ತಲೆಯ ಮೇಲೆ ಕೈಯಿಟ್ಟೆ.

"ಇವನೇ ಹಿರೀ ಮೊಮ್ಮಗ ಅನ್ನು. ಆ ಹೆಸರಿಗೆ ಇವನೊಬ್ಬನೇ ತಾನೆ?"

ನಾನು "ಹೂಂ" ಅಂದೆ.

ಈ ಒಂದು 'ಹೂಂ'ಗೆ ನಾನು ಬಹಳ ದಿನ ಬೇರೆ ಬೇರೆ ಕಾರಣ ಹೇಳಿಕೊಂಡೆ. ಹೆಸರು ಹೇಳುವಂತಿರಲಿಲ್ಲ, ಎರಡೂ ಒಂದೇ ಹೆಸರು, ಬಿಡಿಸಿ ಹೇಳಲು ಬರಲಿಲ್ಲ ಎಂದುಕೊಂಡೆ. ಸತ್ತ ಮಗುವಿನ ಹೆಸರನ್ನೂ ಇದ್ದ ಮಗುವಿನ ಹೆಸರನ್ನೂ ಒಂದೇ ಉಸಿರಲ್ಲಿ ಹೇಳಿಸಿದರೆ ನನ್ನ ಮಗನಿಗೆ ಏನಾದರೂ ತಗಲೀತು ಎಂದು ಹೆದರಿದೆ ಎಂದುಕೊಂಡೆ. ಆ ಹೆದರಿಕೆ ಸ್ವಲ್ಪ ಇದ್ದದ್ದು ನಿಜ. ಆದರೆ ದೇವರ ಮುಂದೆ ಸುಳ್ಳು ಹೇಳಿ ಸುಖವಿಲ್ಲ. 'ಹಿರೀ ಮೊಮ್ಮಗ' ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಹಿತವಾಯಿತು. ಆ ಮನೆಯಲ್ಲಿ ನಾನು ಯಾವಾಗಲೂ ಕಿರಿಯವಳು. ಕೋಣೆ ಅವಳದು ಮೊದಲು, ಬಾಗಿನ ಅವಳಿಗೆ ಮೊದಲು, ದೀಪ ಹಚ್ಚುವ ಕೈ ಅವಳದು. ಒಂದರಲ್ಲಾದರೂ ನನ್ನದು ಮೊದಲಾಗಲಿ ಎಂದು ಒಳಗೆ ಯಾರೋ ಕೂತು ಹೇಳಿದರು. ಆ ಯಾರೋ ನಾನೇ.

ಹೆಳವರು ಸಾಲು ಕಟ್ಟಿದರು. "ಹಿರೀಮಗನಿಗೆ ಗಂಡು ಸಂತಾನವಿಲ್ಲ. ಕಿರೀಮಗನಿಗೆ ಒಬ್ಬ, ತಾತನ ಹೆಸರಿನವ, ಮನೆಗೆ ಹಿರಿಯ." ಹೆಸರನ್ನು ಅವರೇ ಸೇರಿಸಿ ಹೇಳಿದರು. ಒಂದು ಸಲ ಹೇಳಿ ನನ್ನ ಮುಖ ನೋಡಿದರು. ಎರಡನೆಯ ಸಲ ಹೇಳಿ ನೋಡಿದರು. ಗೋಡೆಯ ಪಕ್ಕದಲ್ಲಿ ತಮಿಳರವಳು, "ಅಮ್ಮಾ, ಪೆರಿಯಮ್ಮಾ ಮಗು..." ಎಂದು ಬಾಯಿ ತೆರೆದಳು. ದೊಡ್ಡಮ್ಮನ ಮಗು ಎಂದು ಅವಳು ಹೇಳಹೊರಟದ್ದು. ನಾನು ತಿರುಗಿ, "ನೀನು ಸುಮ್ಕಿರು, ಇದು ನಮ್ಮ ಮನೆ ವಿಚಾರ" ಅಂದೆ. ಹೆಳವರು ಮೂರನೆಯ ಸಲವೂ ಹೇಳಿ ಮುಗಿಸಿದರು. ಎತ್ತಿನ ಬೆನ್ನ ಮೇಲೆ ನನ್ನ ಮಗನನ್ನು ಮುಂದೆ ಕೂರಿಸಿಕೊಂಡು, ಅಂಗಳದಲ್ಲಿ ಒಂದು ಸುತ್ತು ಬಂದು, "ಕುಲದ ಹಿರೀಮಗ ಬಂದ, ದಾರಿ ಬಿಡಿ" ಎಂದು ಕೂಗಿದರು. ಮಗ ಕೇಕೆ ಹಾಕಿ ನಕ್ಕ. ನಾನೂ ನಕ್ಕೆ.

ಯುದ್ಧದ ಕಾಲ. ಬಟ್ಟೆಗೂ ಸೀಮೆಎಣ್ಣೆಗೂ ಕಂಟ್ರೋಲು. ಪದ್ಧತಿಯಂತೆ ಪಂಚೆ ಕೊಡಲು ಮನೆಯಲ್ಲಿ ಒಂದೂ ಹೊಸದಿರಲಿಲ್ಲ. ಎರಡು ಮೊರ ರಾಗಿ, ಒಂದು ಅಚ್ಚು ಬೆಲ್ಲ, ಹಿತುಕಿದ ಬೇಳೆಯಲ್ಲಿ ಅರ್ಧ ಕೊಟ್ಟು ಕಳಿಸಿದೆ.

ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಉಪಕಾರಗಳನ್ನು ಮನಸ್ಸಿನಲ್ಲೇ ಎಣಿಸುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ಹಸು ಹಾಲು ಕೊಟ್ಟಿತು, ಮಗು ಹೊಟ್ಟೆ ತುಂಬ ಉಂಡಿತು, ಮಳೆ ಬರುವುದರೊಳಗೆ ಸೌದೆ ಒಳಗೆ ಬಂತು, ಇಂಥವೇ. ಅವತ್ತು ಎರಡರ ಮೇಲೆ ಎಣಿಕೆ ಓಡಲಿಲ್ಲ.

ಮರುದಿನ ಸಂತೆಯಿಂದ ಬಂದ ಗಂಡಸರಿಗೆ, ಹೆಳವರು ಬಂದು ಎಲ್ಲ ಸೇರಿಸಿಕೊಂಡು ಹೋದರು ಎಂದಷ್ಟೇ ಹೇಳಿದೆ. ಮೂರು ದಿನಕ್ಕೆ ವಾರಗಿತ್ತಿ ಬಂದಳು. ಹೆಳವರು ಬಂದು ಹೋದ ಸುದ್ದಿ ಅವಳಿಗೆ ಬರುವ ದಾರಿಯಲ್ಲೇ ಸಿಕ್ಕಿತ್ತು. ಕಾಲು ತೊಳೆಯದೆ, ಗಂಟು ಇಳಿಸದೆ, ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ನಮ್ಮ ತಾತನ್ನ ಸೇರಿಸ್ಕಂಡ್ರಾ?"

ಮೂರು ವರ್ಷದಲ್ಲಿ ಅವಳ ಬಾಯಿಂದ ಆ ಮಗುವಿನ ಮಾತು ಬಂದದ್ದು ಅದೇ ಮೊದಲು. ನಾನು ಒಲೆಯ ಕಡೆ ಮುಖ ಮಾಡಿಕೊಂಡು, "ಸೇರಿಸ್ಕಂಡ್ರು ಅಕ್ಕ" ಅಂದೆ.

"ಮೂರ್ ಸಲ ಹೇಳಿದ್ರಾ?"

"ಹೇಳಿದ್ರು."

ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಬಿಡು ಇನ್ನ. ಎತ್ತಿನ ಮೇಲೆ ಊರೂರು ತಿರುಗ್ತಾನೆ ನನ್ ಮಗ. ಮನೇಲಿ ಕುಂತಿದ್ದ ನಾವೇ ದಡ್ರು" ಅಂದಳು. ಆಮೇಲೆ ಎದ್ದುಹೋಗಿ, ತನ್ನ ಪೆಟ್ಟಿಗೆಯ ತಳದಿಂದ ಒಂದು ಬೆಳ್ಳಿಯ ಉಡಿದಾರ ತಂದಳು. ಆ ಮಗುವಿನದು. ಅತ್ತೆಯ ಕಣ್ಣು ತಪ್ಪಿಸಿ ಇಟ್ಟುಕೊಂಡಿದ್ದಳು. ನನ್ನ ಮಗನನ್ನು ಎತ್ತಿಕೊಂಡು ಅವನ ಸೊಂಟಕ್ಕೆ ಕಟ್ಟಿ, "ಅಣ್ಣಂದು ಕಣ್ಲಾ, ಕಳೀಬ್ಯಾಡ" ಎಂದು ಅವನ ಹೊಟ್ಟೆಗೆ ಮುತ್ತಿಟ್ಟಳು.

ಆಗಲಾದರೂ ಹೇಳಬಹುದಿತ್ತು. ಹೆಳವರು ರಾಯಕೋಟೆಯಲ್ಲೇ ಇದ್ದರು. ಗಾಡಿ ಕಟ್ಟಿದರೆ ಅರ್ಧ ದಿನದ ದಾರಿ. ನಾನು ಹೇಳಲಿಲ್ಲ. ಆ ರಾತ್ರಿಯೂ, ಮುಂದಿನ ಎಷ್ಟೋ ದಿನಗಳೂ ಮಗನಿಗೆ ಎರೆಯುವಾಗ ಆ ಉಡಿದಾರ ನನ್ನ ಕೈಗೆ ಸಿಕ್ಕಾಗಲೆಲ್ಲ, ಬಿಸಿನೀರಲ್ಲೂ ಬೆರಳು ತಣ್ಣಗಾಗುತ್ತಿತ್ತು.

ಬೇಸಿಗೆ ಕಳೆಯಿತು. ಉದ್ದನಪಲ್ಲಿಯ ದಾಯಾದಿಗಳ ಮನೆಯಲ್ಲಿ ಒಂದು ಮದುವೆಯಾಯಿತು. ಆ ಮನೆಯೂ ನಮ್ಮ ಮನೆಯೂ ಒಂದೇ ಬುಡದವು. ನಾನು ಬಸುರಿಯಾಗಿದ್ದೆನೆಂದು ಹೋಗಲಿಲ್ಲ. ವಾರಗಿತ್ತಿಯೂ ಭಾವನೂ ಹೋದರು. ರಾಯಕೋಟೆಯಿಂದ ತಿರುಗಿದ ಹೆಳವರು ಮೈಸೂರು ಸೀಮೆಗೆ ಹೋಗುವ ಮುಂಚೆ ಆ ಮದುವೆಯ ಚಪ್ಪರದಲ್ಲಿ ನಿಂತು, ಬಂದ ನೆಂಟರೆಲ್ಲರ ಎದುರಿಗೆ, ಎಲ್ಲ ಕವಲುಗಳನ್ನೂ ಹೇಳಿದರಂತೆ. ವಾರಗಿತ್ತಿ ಹೆಂಗಸರನ್ನು ದಾಟಿಕೊಂಡು ಮುಂದೆ ಹೋಗಿ ಕೂತಿದ್ದಳಂತೆ. ಇದನ್ನು ನನಗೆ ಆಮೇಲೆ ಹೇಳಿದವರು ಭಾವ. "ಹಿರೀಮಗನಿಗೆ ಗಂಡು ಸಂತಾನವಿಲ್ಲ" ಎಂದದ್ದನ್ನು ಕೇಳಿ ಅವಳು ಎದ್ದುನಿಂತಳಂತೆ. ಆದರೆ ಅಷ್ಟು ಜನ ಗಂಡಸರ ನಡುವೆ ಒಬ್ಬ ಹೆಂಗಸು ತಡೆಯುವುದು ಹೇಗೆ? ಹೇಳಬೇಕಾದ ಹೆಸರೋ ಅವಳು ಹೇಳುವಂತಿಲ್ಲ. ಭಾವ ಆ ಹೊತ್ತಿಗೆ ಊಟದ ಎಲೆ ಹಾಕಿಸುತ್ತಿದ್ದರು. ಅವರಿಗೆ ವಿಷಯ ತಿಳಿದು ಬರುವಷ್ಟರಲ್ಲಿ ಎತ್ತು ಊರು ದಾಟಿತ್ತು.

ಮನೆಗೆ ಬಂದ ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಾವಿಯಲ್ಲಿ ನೀರು ಸೇದುವಾಗ, ಹಗ್ಗವನ್ನು ಕೈಯಲ್ಲಿ ಹಿಡಿದಂತೆಯೇ ಕೇಳಿದಳು.

"ನೀನಾ ಹೇಳಿದ್ದು, ಇಲ್ಲ ಅಂತ?"

ನನ್ನ ಬಾಯಿಗೆ ಸಿದ್ಧವಾಗಿದ್ದ ಮಾತೇ ಬಂತು. "ಹೆಸರು ಹೇಳಂಗಿರ್ಲಿಲ್ಲವಲ್ಲ ಅಕ್ಕ. ನಾನೆಂಗೆ..."

"ಹೆಸರು ಬ್ಯಾಡ ಕಣೆ," ಅಂದಳು. ಸಿಟ್ಟಿನಿಂದಲ್ಲ. ಕೂಗಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. "ಹೆಸರು ಯಾರು ಕೇಳಿದ್ರು? ಇದ್ದ ಅಂತ ಹೇಳಾಕೆ ನಿಂಗೆ ಬಾಯಿರ್ಲಿಲ್ವಾ? ಒಬ್ಬ ಇದ್ದ ಅಂತ?"

ಅವಳು ಕೊಡ ತುಂಬಿಕೊಂಡು ಹೋದಳು. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಒರಳು, ಒಂದೇ ಬಾವಿ. ನಾನು ರುಬ್ಬಿದ್ದನ್ನು ಅವಳು ಬೇಯಿಸುತ್ತಿದ್ದಳು, ಅವಳು ಬೇಯಿಸಿದ್ದನ್ನು ನಾನು ಬಡಿಸುತ್ತಿದ್ದೆ. ಮಾತಿಲ್ಲ. ನನ್ನ ಮಗನನ್ನು ಮಾತ್ರ ಮೊದಲಿನಂತೆಯೇ ಎತ್ತಿ ಆಡಿಸುತ್ತಿದ್ದಳು. ಒಂದು ದಿನ ನಾನು ಆ ಉಡಿದಾರವನ್ನು ಬಿಚ್ಚಿ ಅವಳ ಮುಂದೆ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ತಾನೇ ತೆಗೆದುಕೊಂಡು ಹೋಗಿ ಮತ್ತೆ ಮಗನ ಸೊಂಟಕ್ಕೆ ಕಟ್ಟಿದಳು.

ನಾನು ಮಾವನ ಹತ್ತಿರ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನಮ್ಮಪ್ಪನ ಹೆಸರು ಎರಡು ಸಲ ಬಂದಿತ್ತು ತಾಯಿ ಈ ಮನೇಗೆ," ಅಂದರು. "ನೀನು ಅದನ್ನ ಒಂದು ಸಲ ಮಾಡ್ಬುಟ್ಟೆ." ಬೈಯುವ ಗುಣ ಅವರಿಗಿರಲಿಲ್ಲ. ದೇವರು ನನಗೆ ಅಂಥ ಮಾವನನ್ನು ಕೊಟ್ಟದ್ದೂ ಒಂದು ಉಪಕಾರವೇ. ಅವತ್ತು ಅದು ಉಪಕಾರದ ಹಾಗೆ ಕಾಣಲಿಲ್ಲ.

ಅವರು ಸುಮ್ಮನೆ ಕೂರಲೂ ಇಲ್ಲ. ಆನೇಕಲ್ಲಿನ ವರೆಗೂ ಹೋಗಿ ಹೆಳವರನ್ನು ಹುಡುಕಿ, ಸಿಗದೆ ವಾಪಸು ಬಂದರು. ಕೊನೆಗೆ ಹಳ್ಳಿಯ ಕಚೇರಿಗೆ ಹೋಗಿ ಹುಟ್ಟುಸಾವಿನ ಪುಸ್ತಕ ತೆಗೆಸಿ ನೋಡಿದರು. ನಮ್ಮೂರು ತಮಿಳು ಸೀಮೆಗೆ ಸೇರಿದ್ದರಿಂದ ಅಲ್ಲಿ ತಮಿಳಿನಲ್ಲಿ ಬರೆದಿತ್ತಂತೆ: ಇಂಥವರ ಮಗ, ಗಂಡು, ವಯಸ್ಸು ನಾಲ್ಕು, ಜ್ವರ. ಹೆಸರಿನ ಜಾಗದಲ್ಲಿ ಒಂದು ಗೀಟು. ಸಾವು ಬರೆಸಲು ಹೋಗಿದ್ದ ಆಳಿಗೆ ಮಗುವಿನ ಹೆಸರು ತಿಳಿಯದು. ಅವನ ಕಿವಿಗೆ ಬಿದ್ದದ್ದೂ 'ತಾತ' ಎಂಬುದೇ. ನಾಲ್ಕು ವರ್ಷದ ತಾತ ಎಂದು ಬರೆಯಲು ಕಚೇರಿಯವರು ಒಪ್ಪುತ್ತಾರೆಯೇ? ಮಾವ ಇದನ್ನು ಊಟಕ್ಕೆ ಕೂತಾಗ ಹೇಳಿದರು. ವಾರಗಿತ್ತಿ ಒಲೆಯ ಮುಂದೆ ಮುದ್ದೆ ತಿರುವುತ್ತಲೇ ಇದ್ದಳು.

ಮುಂಗಾರು ಹಿಡಿದು ರಾಗಿ ಹೊಲಕ್ಕೆ ಕಳೆ ಬಂತು. ವಾರಗಿತ್ತಿ ದಿನವೂ ಕಳೆಗೆ ಹೋಗತೊಡಗಿದಳು. ಮೊದಲು ಅವಳು ಅಷ್ಟು ಹೋಗುತ್ತಿರಲಿಲ್ಲ. ನನಗೆ ಆರನೆಯ ತಿಂಗಳು. ಮಧ್ಯಾಹ್ನ ಮಜ್ಜಿಗೆ ಕೊಂಡುಹೋಗುವುದಷ್ಟೇ ನನ್ನ ಪಾಲಿನ ಕೆಲಸ. ಒಂದು ದಿನ ಹಾಗೆ ಕೊಡ ಹೊತ್ತು ಬದುವಿನ ಹತ್ತಿರ ಬರುವಾಗ ದೂರದಿಂದಲೇ ರಾಗ ಕೇಳಿತು. ತಮಿಳರವಳು ಒಪ್ಪಾರಿ ಹೇಳುತ್ತಿದ್ದಳು.

ಒಪ್ಪಾರಿ ಎಂದರೆ ಸತ್ತವರ ಮೇಲೆ ತಮಿಳರ ಹೆಂಗಸರು ಹಾಡಿಕೊಂಡು ಅಳುವುದು. ಅವಳು ಯಾವಾಗಲೂ ಕಳೆ ಕೀಳುತ್ತ ಅದನ್ನು ಹೇಳುತ್ತಿದ್ದಳು. ಅವಳ ಅವ್ವನ ಮೇಲೆ, ಅಣ್ಣನ ಮೇಲೆ, ಹುಟ್ಟಿದ ವಾರಕ್ಕೇ ಹೋದ ತನ್ನ ಮಗಳ ಮೇಲೆ. ನಮಗೆ ಅದು ನಗೆಪಾಟಲು. ಸತ್ತು ಹತ್ತು ವರ್ಷವಾದವರ ಮೇಲೆ ಬಿಸಿಲಲ್ಲಿ ಕೂತು ಯಾರಾದರೂ ಅಳುತ್ತಾರೆಯೇ? ನಾನು ಬಾವಿಯ ಬಳಿ ಅವಳ ರಾಗವನ್ನು ಅಣಕಿಸಿ ಊರ ಹೆಂಗಸರನ್ನೆಲ್ಲ ನಗಿಸಿದ್ದೆ. ಇನ್ನೊಂದೂ ಇದೆ. ಆ ಮಗು ಹೋದ ದಿನ ಅವಳು ನಮ್ಮ ಹೊಸ್ತಿಲಲ್ಲಿ ಕೂತು ಎದೆ ಬಡಿದುಕೊಂಡು ಒಪ್ಪಾರಿ ಶುರುಮಾಡಿದ್ದಳು. ನಮ್ಮ ಮನೆಯಲ್ಲಿ ಬೀದಿಗೆ ಕೇಳುವ ಹಾಗೆ ಅಳುವುದಿಲ್ಲ ಎಂದರು ಅತ್ತೆ. ಅವಳ ತೋಳು ಹಿಡಿದು ಎಬ್ಬಿಸಿ ಕಳಿಸಿದವಳು ನಾನು.

ಹತ್ತಿರ ಬಂದೆ. ಕಳೆಯ ಸಾಲಿನಲ್ಲಿ ಅವರಿಬ್ಬರೇ ಇದ್ದರು. ಅವಳು ಕಣ್ಣುಮುಚ್ಚಿ ತೂಗಾಡುತ್ತ ಹೇಳುತ್ತಿದ್ದಳು, ಎದುರಿಗೆ ವಾರಗಿತ್ತಿ ಮಣ್ಣುಗೈಯಲ್ಲೇ ಮುಖ ಮುಚ್ಚಿಕೊಂಡು ಕೂತಿದ್ದಳು. "ಎನ್ ರಾಸಾ" ಎನ್ನುತ್ತಿದ್ದಳು ತಮಿಳರವಳು. ನನ್ನ ರಾಜ ಎಂದು ಅರ್ಥ. ಆಮೇಲೆ ಆ ಹೆಸರನ್ನು, ನಾವಿಬ್ಬರೂ ಬಾಯಿಬಿಟ್ಟು ಕರೆಯಲಾರದ ಹೆಸರನ್ನು, ಹೊಲ ತುಂಬುವಂತೆ ಕೂಗಿ ಕರೆದಳು. ಅವಳಿಗೆ ಆ ಹೆಸರಿನ ಕಟ್ಟಿಲ್ಲ. ಅವಳ ತಮಿಳು ನನಗೆ ಅಷ್ಟಿಷ್ಟು ತಿಳಿಯುತ್ತದೆ.

ಕಡಲೆ ಕೊಟ್ಟರೆ ಬೆಲ್ಲವೆಲ್ಲಿ ಎಂದು ಕೇಳಿದವನೇ. ಎಡಗೈಯಲ್ಲಿ ಉಂಡು ಅಜ್ಜಿಯ ಕೈಲಿ ಏಟು ತಿಂದವನೇ. ಕೂಲಿಯವಳ ಸೆರಗು ಹಿಡಿದುಕೊಂಡು ನಾಯಿಗೆ ಬೈದವನೇ. ನನ್ನ ಹೆಸರನ್ನು ತೊದಲಿ ತೊದಲಿ ಹಾಳುಮಾಡಿದವನೇ.

ಎಡಗೈ. ನಾನು ನಿಂತಲ್ಲೇ ನಿಂತೆ. ಆ ಮಗು ಎಡಗೈಯಲ್ಲಿ ಉಣ್ಣುತ್ತಿತ್ತು. ಅತ್ತೆ ಅದರ ಎಡಗೈಗೆ ಬಟ್ಟೆ ಸುತ್ತಿ ಕಟ್ಟಿ ಊಟಕ್ಕೆ ಕೂರಿಸುತ್ತಿದ್ದರು. ಎಷ್ಟೋ ಸಲ ಆ ಬಟ್ಟೆಯನ್ನು ಕಟ್ಟಿದವಳೇ ನಾನು. ಅದು ಹೋಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. ಒಂದೇ ಮನೆಯಲ್ಲಿದ್ದ ನನಗೆ ಅದು ಪೂರ್ತಿ ಮರೆತುಹೋಗಿತ್ತು. ಒಂಬತ್ತು ತಲೆಯನ್ನು ಹೇಳುವ ಹೆಳವರಿಗೂ ಅದು ಬೇಕಿರಲಿಲ್ಲ, ಕಚೇರಿಯ ಪುಸ್ತಕಕ್ಕೂ ಬೇಕಿರಲಿಲ್ಲ. ನಾವು ತೋಳು ಹಿಡಿದು ಎಬ್ಬಿಸಿ ಕಳಿಸಿದವಳು, ಬೇರೆ ಮಾತಿನವಳು, ಬೇರೆ ಜನ, ಅದನ್ನು ಇಟ್ಟುಕೊಂಡಿದ್ದಳು. ಅವಳು ಅದನ್ನು ಹೇಳಿಕೊಳ್ಳುತ್ತ ಇದ್ದದ್ದರಿಂದಲೇ ಅದು ಉಳಿದಿತ್ತು. ನಾವು ಮರ್ಯಾದೆ ಎಂದು ಬಾಯಿ ಕಟ್ಟಿಕೊಂಡು ಕೂತಿದ್ದೆವು.

ವಾರಗಿತ್ತಿ ಅಳುತ್ತಿದ್ದಳು. ಗಟ್ಟಿಯಾಗಿ, ಬೀದಿಗೇನು, ಪಕ್ಕದ ಊರಿಗೂ ಕೇಳುವ ಹಾಗೆ. ತಮಿಳರವಳು ಕಣ್ಣುಬಿಟ್ಟು ನನ್ನನ್ನು ನೋಡಿದಳು.

"ಉಕ್ಕಾರು ಅಮ್ಮಾ. ಬಸುರಿ ಹೆಂಗಸು ಬಿಸಿಲಲ್ಲಿ ನಿಲ್ಬೇಡ."

ನಾನು ಕೊಡ ಇಳಿಸಿ ದೂರದಲ್ಲೇ ಕೂತೆ. ವಾರಗಿತ್ತಿ ನನ್ನ ಕಡೆ ತಿರುಗಲಿಲ್ಲ.

"ನೀನೂ ಒಂದು ಹೇಳು," ಅಂದಳು ತಮಿಳರವಳು.

"ನಂಗೆ ಹಾಡಾಕೆ ಬರಾಕಿಲ್ಲ."

"ಹಾಡೋದು ನಾನು. ನಿನಗೆ ಗೊತ್ತಿರೋದು ಹೇಳು. ನಮ್ಮ ಕಡೆ ಬಂದು ಕುಂತವರು ಒಂದಾದ್ರೂ ಸೇರಿಸಬೇಕು. ಸುಮ್ಮನೆ ಕುಂತ್ಕೊಂಡು ಕೇಳೋಕೆ ಇದೇನು ಹರಿಕಥೆಯಾ?"

ಅವತ್ತಿನ ವರೆಗೂ ನಾನು ಆ ಮಗುವಿನ ಬಗ್ಗೆ ಒಂದು ಮಾತನ್ನೂ ಅವನ ತಾಯಿಯ ಎದುರು ಆಡಿರಲಿಲ್ಲ. ಹುಡುಕಿದೆ. ನಾಚಿಕೆಯ ವಿಷಯ, ನನ್ನೊಳಗೆ ಬಹಳ ಕಮ್ಮಿ ಇತ್ತು. ಒಂದು ಸಿಕ್ಕಿತು. ತಲೆ ತಗ್ಗಿಸಿಕೊಂಡೇ ಹೇಳಿದೆ.

"ನಾನು ಮದುವಣಗಿತ್ತಿಯಾಗಿ ಬಂದ ದಿನ ನನ್ನ ತೊಡೆ ಮೇಲೆ ಕೂರಿಸಿದ್ರು. ನನ್ನ ಧಾರೆ ಸೀರೆ ಪೂರ್ತಿ ಉಚ್ಚೆ ಹೊಯ್ದ."

ತಮಿಳರವಳು ಅದನ್ನೇ ರಾಗಕ್ಕೆ ಹಾಕಿದಳು. ಎನ್ ರಾಸಾ, ಚಿಕ್ಕಮ್ಮನ ಪಟ್ಟುಸೀರೆಗೆ ಹೊಳೆ ಹರಿಸಿದವನೇ. ಅಳುತ್ತಿದ್ದ ವಾರಗಿತ್ತಿಗೆ ಉಸಿರು ಸಿಕ್ಕಿಕೊಂಡಿತು. ನೋಡಿದರೆ ನಗುತ್ತಿದ್ದಳು. ಅಳು, ನಗು, ಮೂಗಿನ ನೀರು, ಮಣ್ಣು ಎಲ್ಲ ಸೇರಿ ಅವಳ ಮುಖ ಮುಖವಾಗಿ ಉಳಿದಿರಲಿಲ್ಲ.

ಇದರಿಂದ ನಾನು ಮಾಡಿದ್ದು ಸರಿಹೋಯಿತೆಂದು ಹೇಳುತ್ತಿಲ್ಲ. ಆ ಮುದುಕರು ಮತ್ತೆ ನಮ್ಮ ಹೊಸ್ತಿಲಿಗೆ ಬರಲಿಲ್ಲ. ಅವರು ತೀರಿಕೊಂಡರೆಂದು ನಾಲ್ಕು ವರ್ಷದ ಮೇಲೆ ತಿಳಿಯಿತು. ಅವರ ಕಡೆಯವರು ಯಾರಾದರೂ ಈಗಲೂ ಎಲ್ಲೋ ಒಂದು ಚಪ್ಪರದಲ್ಲಿ ನಮ್ಮ ಕವಲನ್ನು ಹೇಳುತ್ತಿದ್ದರೆ, ನಾನು ಕಟ್ಟಿಸಿದಂತೆಯೇ ಹೇಳುತ್ತಿರಬೇಕು. ನನ್ನ ಮಗನೇ ಹಿರಿಯ. ಅವನಿಗೆ ಮುಂಚೆ ಯಾರೂ ಇಲ್ಲ.

ಅಂದು ವಾರಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡು, ಮಜ್ಜಿಗೆಯ ಕೊಡವನ್ನು ತನ್ನ ಕಡೆ ಎಳೆದುಕೊಂಡಳು. ತಮಿಳರವಳಿಗೆ ಮೊದಲು ಬಗ್ಗಿಸಿದಳು, ಆಮೇಲೆ ತಾನು ಕುಡಿದಳು. ಹೊತ್ತು ನೋಡಿದಳು. ನಾಲ್ವತ್ತು ದಿನದ ಮೇಲೆ, ನನ್ನ ಮುಖ ನೋಡದೆಯೇ, ನನ್ನ ಜೊತೆ ಮಾತಾಡಿದಳು.

"ಹೊತ್ತಾಯ್ತು. ಹೋಗಿ ಎಸರಿಡು. ಗಂಡಸ್ರು ಬತ್ತಾರೆ."

ಅವತ್ತು ದೀಪದ ಮುಂದೆ ಎಣಿಸಲು ನನಗೆ ಅದೊಂದೇ ಸಾಕಾಯಿತು. ಎದ್ದು, ಸೊಂಟಕ್ಕೆ ಕೈಯಿಟ್ಟುಕೊಂಡು ಬದುವಿನ ಮೇಲೆ ನಿಧಾನವಾಗಿ ನಡೆದು ಮನೆಗೆ ಬಂದೆ. ಒಲೆಯ ಬೂದಿ ತೆಗೆದು, ಬೆಂಕಿ ಹೊತ್ತಿಸಿ, ಮುದ್ದೆಗೆ ಎಸರಿಟ್ಟೆ.